ಅಣ್ಣನಿಲ್ಲದ ಮನೆಗೆ

1915ರ ಜನವರಿ 9ರಂದು ಗಾಂಧೀಜಿಯವರು ಮುಂಬಯಿಯ ಅಪೊಲೊ ಬಂದರಿನಲ್ಲಿ ಇಳಿದರು. ದಕ್ಷಿಣ ಆಫ್ರಿಕದ ಸತ್ಯಾಗ್ರಹದಿಂದ ಹೆಸರಾಗಿದ್ದ ಅವರನ್ನು ನಗರದ ಗಣ್ಯರು ಸಡಗರದಿಂದ ಎದುರುಗೊಂಡರು. ಔತಣಗಳಾದುವು, ಸನ್ಮಾನದ ಸಭೆಗಳಾದುವು. ಇವೆಲ್ಲ ಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಇದರ ಬೆನ್ನಿಗೇ ಅವರು ಕಾಠಿಯಾವಾಡಕ್ಕೆ ಕೈಗೊಂಡ ಒಂದು ಪ್ರಯಾಣವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ನಾಯಕನ ಪ್ರವಾಸವಲ್ಲ. ಅಣ್ಣಂದಿರನ್ನು ಕಳೆದುಕೊಂಡ ತಮ್ಮನೊಬ್ಬನು ಅತ್ತಿಗೆಯನ್ನೂ ಬಂಧುಗಳನ್ನೂ ಕಂಡು ಬರಲು ಊರಿಗೆ ಹೋದ ಪ್ರಯಾಣ.

ಕರಮಚಂದ ಗಾಂಧಿ ಮತ್ತು ಪುತಲೀಬಾಯಿಯವರ ಮಕ್ಕಳಲ್ಲಿ ಮೋಹನದಾಸರೇ ಕಿರಿಯರು. ಅಕ್ಕ ರಳಿಯಾತ್, ಅಣ್ಣಂದಿರು ಲಕ್ಷ್ಮೀದಾಸ ಮತ್ತು ಕರಸನದಾಸ. ಕರಸನದಾಸರು ಬಾಲ್ಯದ ಒಡನಾಡಿ. ಅವರಿಬ್ಬರ ಮದುವೆಗಳು ಒಂದೇ ಚಪ್ಪರದ ಕೆಳಗೆ ನಡೆದುವು. ಇದೇ ಅಣ್ಣನ ಇಪ್ಪತ್ತೈದು ರೂಪಾಯಿಯಷ್ಟು ಸಾಲವನ್ನು ತೀರಿಸಲು, ಅವನ ತೋಳಿನ ಕಡಗದಿಂದ ಚೂರು ಚಿನ್ನವನ್ನು ಕತ್ತರಿಸಿ, ಬಾಲಕ ಮೋಹನದಾಸನು ತಂದೆಯ ಮುಂದೆ ತಪ್ಪೊಪ್ಪಿಕೊಂಡದ್ದು ಆತ್ಮಕಥೆಯನ್ನು ಓದಿದವರಿಗೆಲ್ಲ ತಿಳಿದ ಸಂಗತಿ.

ಲಕ್ಷ್ಮೀದಾಸರ ಸ್ಥಾನ ಬೇರೆ. 1885ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಅವರ ಹೆಗಲಿಗೆ ಬಂತು. ತಮ್ಮನು ವಿಲಾಯಿತಿಗೆ ಹೋಗಿ ಬ್ಯಾರಿಸ್ಟರಾಗಬೇಕೆಂಬ ಮಾತು ಬಂದಾಗ ಆ ವೆಚ್ಚದ ಹೊಣೆಯನ್ನು ಹೊತ್ತವರು ಅವರೇ. 1888ರಲ್ಲಿ ಮುಂಬಯಿಯಲ್ಲಿದ್ದ ಜಾತಿಯ ಹಿರಿಯರು ಸಭೆ ಸೇರಿ, ಕಡಲು ದಾಟಲು ಹೊರಟ ಹುಡುಗನಿಗೆ ಬಹಿಷ್ಕಾರ ಹಾಕಿದರು. ಅವನಿಗೆ ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಭಾವನು ಈ ಕಟ್ಟಳೆಗೆ ಅಂಜಿ, ತನ್ನ ಬಳಿ ಇರಿಸಿದ್ದ ಹಣವನ್ನು ಕೊಡಲೊಲ್ಲದೆ ಹೋದನು. ಅಣ್ಣನು ಅಂಜಲಿಲ್ಲ, ಕೊಟ್ಟ ಒಪ್ಪಿಗೆಯನ್ನು ಹಿಂದೆಗೆಯಲಿಲ್ಲ.

ಮೂರು ವರ್ಷಗಳ ತರುವಾಯ, 1891ರ ಜುಲೈಯಲ್ಲಿ, ಬ್ಯಾರಿಸ್ಟರು ಮುಂಬಯಿಯಲ್ಲಿ ಇಳಿದಾಗ ಬಂದರಿನಲ್ಲಿ ಕಾದಿದ್ದವರು ಲಕ್ಷ್ಮೀದಾಸರೇ. ತಾಯಿ ಆಗಲೇ ತೀರಿಹೋಗಿದ್ದರು. ಪರದೇಶದಲ್ಲಿ ಒಂಟಿಯಾಗಿರುವ ತಮ್ಮನ ಮನಸ್ಸು ಒಡೆದೀತೆಂದು ಅಣ್ಣನು ಆ ಸುದ್ದಿಯನ್ನು ಅಲ್ಲಿಯವರೆಗೆ ಮುಚ್ಚಿಟ್ಟು, ತಾನಾಗಿ ತಿಳಿಸಿದನು. ದುಃಖವನ್ನು ಹಂಚಿಕೊಳ್ಳಲು ಒಬ್ಬನಿದ್ದುದರಿಂದ ಆ ಮರಳುವಿಕೆ ಸಹನೀಯವಾಯಿತು.

ಅಣ್ಣನಿಗೆ ಆಸೆಗಳೂ ಇದ್ದುವು. ತಮ್ಮನು ಹಣ, ಕೀರ್ತಿಗಳನ್ನು ಸಂಪಾದಿಸಿ ಮನೆಯನ್ನು ಎತ್ತಿ ನಿಲ್ಲಿಸುವನೆಂದು ನಂಬಿ, ಕೈ ಬಿಗಿಹಿಡಿಯದೆ ಖರ್ಚು ಮಾಡಿದರು. ವಕೀಲಿ ಕೈಹಿಡಿಯಲಿಲ್ಲ. ತಮ್ಮ ಮೇಲಿನ ಒಂದು ಆಪಾದನೆಯ ವಿಷಯದಲ್ಲಿ ಪೊಲಿಟಿಕಲ್ ಏಜೆಂಟನ ಬಳಿ ಮಾತಾಡೆಂದು ಲಕ್ಷ್ಮೀದಾಸರು ಒತ್ತಾಯಿಸಿದರು. ತಮ್ಮನು ಮನಸ್ಸಿಲ್ಲದೆ ಹೋದನು. ಜವಾನನು ಹೆಗಲು ಹಿಡಿದು ಹೊರದಬ್ಬಿದನು. ಆ ಅವಮಾನದ ತರುವಾಯ, 1893ರಲ್ಲಿ, ದಕ್ಷಿಣ ಆಫ್ರಿಕದ ಮೊಕದ್ದಮೆಯ ಕರೆ ಬಂತು. ಅದು ಬಂದದ್ದು ಅಣ್ಣನ ಮೂಲಕವೇ.

ಅಲ್ಲಿ ಸಂಪಾದನೆಯಾಯಿತು. ಉಳಿದ ಹಣವೆಲ್ಲ ಅಣ್ಣನಿಗೆ ಹೋಗುತ್ತಿತ್ತು. ಆದರೆ ಜೋಹಾನ್ಸ್‌ಬರ್ಗಿನಲ್ಲಿದ್ದಾಗ ಗೀತೆಯ ಅಪರಿಗ್ರಹದ ಬೋಧನೆ ಗಾಂಧೀಜಿಯವರ ಮನಸ್ಸನ್ನು ಹಿಡಿಯಿತು. ಹತ್ತು ಸಾವಿರ ರೂಪಾಯಿಯ ಜೀವವಿಮೆಯನ್ನು ಕೈಬಿಟ್ಟರು. ಇನ್ನು ಮುಂದೆ ತಮ್ಮಿಂದ ಹಣ ಬರದು, ಉಳಿದುದೆಲ್ಲ ಅಲ್ಲಿನ ಜನರ ಕೆಲಸಕ್ಕೆ ಸಲ್ಲುವುದೆಂದು ಅಣ್ಣನಿಗೆ ಬರೆದರು. ಲಕ್ಷ್ಮೀದಾಸರು ಕಟುವಾಗಿ ಉತ್ತರಿಸಿದರು. ತಂದೆಯಂತೆ ಕುಟುಂಬವನ್ನು ಸಲಹುವುದು ತಮ್ಮನ ಧರ್ಮವೆಂದು ನೆನಪಿಸಿದರು. ತಾನು ಮಾಡುತ್ತಿರುವುದೂ ಅದನ್ನೇ, ಕುಟುಂಬವೆಂಬ ಮಾತಿನ ಅರ್ಥವಷ್ಟೇ ಹಿಗ್ಗಿದೆ ಎಂಬುದು ತಮ್ಮನ ಸಮಾಧಾನ. ಅದು ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ, ಪತ್ರವ್ಯವಹಾರವೇ ನಿಂತಂತಾಯಿತು.

ಇಲ್ಲಿ ಯಾರದು ತಪ್ಪು? ಎಲ್ಲರ ಬಂಧುವಾಗಹೊರಟವನು ತನ್ನನ್ನು ಸಾಕಿದವನಿಗೆ ನೋವುಮಾಡದಿರಲಾರನೆ? ಮಹಾತ್ಮರ ಚರಿತ್ರೆಯನ್ನು ಓದುವವರು ಈ ಪ್ರಶ್ನೆಯನ್ನು ಸುಲಭವಾಗಿ ದಾಟಿಹೋಗಬಾರದು. ಲಕ್ಷ್ಮೀದಾಸರು ಕೇಳಿದುದು ಅನ್ಯಾಯವಾದುದೇನೂ ಅಲ್ಲ. ನಮ್ಮ ಮನೆಗಳಲ್ಲಿ ಯಾವ ಅಣ್ಣನಾದರೂ ಕೇಳುವಂತಹುದು. ತಮ್ಮನೂ ಸುಖಕ್ಕಾಗಿ ಹಣವನ್ನು ಉಳಿಸಿಕೊಂಡವನಲ್ಲ. ಇಬ್ಬರೂ ತಮತಮಗೆ ತಿಳಿದ ಧರ್ಮಕ್ಕೆ ಅಂಟಿಕೊಂಡದ್ದರಿಂದಲೇ ಬಿರುಕು ಆಳವಾಯಿತು.

ಕೊನೆಗೆ ಕರಗಿದವರು ಹಿರಿಯರೇ. ಸಾವು ಸಮೀಪಿಸಿದಾಗ ಲಕ್ಷ್ಮೀದಾಸರು ತಮ್ಮನ ದಾರಿ ಸರಿಯೆಂದು ಒಪ್ಪಿ, ಕ್ಷಮೆ ಬೇಡಿ, ಮಕ್ಕಳನ್ನು ಅವನಿಗೆ ಒಪ್ಪಿಸಿ ಕಾಗದ ಬರೆದರು. ನೋಡಬೇಕೆಂದು ಹಂಬಲಿಸಿ, ತಾವೇ ಆಫ್ರಿಕಕ್ಕೆ ಬರುವೆನೆಂದು ತಂತಿ ಕಳುಹಿಸಿದರು. ಬನ್ನಿರೆಂದು ಮರುತಂತಿಯೂ ಹೋಯಿತು. ಅದು ಕೈಗೂಡಲಿಲ್ಲ. 1913ರಲ್ಲಿ ಕರಸನದಾಸರು ತೀರಿದ್ದರು. 1914ರ ಮಾರ್ಚಿಯಲ್ಲಿ ಲಕ್ಷ್ಮೀದಾಸರೂ ಕಣ್ಮುಚ್ಚಿದರು. ಆಗ ಗಾಂಧೀಜಿ ಕೇಪ್‌ಟೌನಿನಲ್ಲಿ, ಕಾಯಿಲೆಯಿಂದ ಕೃಶರಾಗಿದ್ದ ಕಸ್ತೂರಬಾ ಅವರ ಶುಶ್ರೂಷೆಯಲ್ಲಿದ್ದರು.

ಆದುದರಿಂದ 1915ರಲ್ಲಿ ಬಂದರಿನ ಜನಸಂದಣಿಯಲ್ಲಿ ಒಂದು ಮುಖ ಇರಲಿಲ್ಲ. ಮುಂಬಯಿಯ ಸಮಾರಂಭಗಳು ಮುಗಿದ ಮೇಲೆ ಗಾಂಧೀಜಿ ರಾಜಕೋಟ, ಪೋರಬಂದರಗಳಿಗೆ ಹೊರಟರು. ಮೂರನೆಯ ದರ್ಜೆಯ ಪ್ರಯಾಣಕ್ಕೆ ತಕ್ಕಂತೆ ಉತ್ತರೀಯ, ನಿಲುವಂಗಿಗಳನ್ನು ಬಿಟ್ಟು, ಅಂಗಿ, ಧೋತ್ರ, ಎಂಟು ಹತ್ತಾಣೆಯ ಕಾಶ್ಮೀರಿ ಟೊಪ್ಪಿಗೆ ತೊಟ್ಟರು. ಪ್ಲೇಗಿನ ಕಾಲ. ದಾರಿಯಲ್ಲಿ ಪ್ರಯಾಣಿಕರನ್ನು ಪರೀಕ್ಷಿಸುತ್ತಿದ್ದ ಅಧಿಕಾರಿ, ಮೈ ಸ್ವಲ್ಪ ಬಿಸಿಯಾಗಿದ್ದ ಈ ಬಡಪ್ರಯಾಣಿಕನ ಹೆಸರನ್ನು ಬರೆದುಕೊಂಡು, ರಾಜಕೋಟದ ವೈದ್ಯಾಧಿಕಾರಿಯ ಮುಂದೆ ಹಾಜರಾಗಲು ಅಪ್ಪಣೆಮಾಡಿದನು. ವಢವಾಣದ ನಿಲ್ದಾಣದಲ್ಲಿ ಮೋತೀಲಾಲನೆಂಬ ದರ್ಜಿಯು ಕಾದಿದ್ದು, ವೀರಮ್‌ಗಾಮದ ಸುಂಕದ ಕಟ್ಟೆಯಲ್ಲಿ ಜನ ಪಡುವ ಪಾಡನ್ನು ಹೇಳಿಕೊಂಡನು. ಸತ್ತ ಅಣ್ಣನ ಮನೆಗೆ ಹೊರಟವರು ಜ್ವರದಲ್ಲೇ ಆ ಅಹವಾಲನ್ನೂ ಕೇಳಿದರು. ಆ ಸುಂಕ 1917ರಲ್ಲಿ ರದ್ದಾಯಿತು.

ಹಿಗ್ಗಿದ ಕುಟುಂಬ ಎಂದರೆ ಇದೇ. ಆದರೆ ಅದು ಹಿಗ್ಗಿದ್ದು ಹುಟ್ಟಿದ ಮನೆಯನ್ನು ಮರೆತಲ್ಲ. ಮೊದಲು ಆ ಹೊಸ್ತಿಲನ್ನು ತುಳಿದೇ ಅವರು ಫೆಬ್ರವರಿಯಲ್ಲಿ ಶಾಂತಿನಿಕೇತನದ ಕಡೆಗೆ ನಡೆದದ್ದು. ಮೇ ತಿಂಗಳಲ್ಲಿ ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮ ಹುಟ್ಟಿತು. ಕೆಲವೇ ತಿಂಗಳಲ್ಲಿ ಅಸ್ಪೃಶ್ಯರೆನಿಸಿದ್ದ ಒಂದು ಸಂಸಾರವನ್ನು ಅಲ್ಲಿ ಸೇರಿಸಿಕೊಂಡಾಗ ಧನಿಕರ ನೆರವು ನಿಂತಿತು. ಬಹಿಷ್ಕಾರದ ಮಾತು ಕೇಳಿಬಂತು. ಗಾಂಧೀಜಿ ಕದಲಲಿಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಜಾತಿಯ ದಂಡಕ್ಕೆ ಅಂಜದೆ ತಮ್ಮನನ್ನು ಹಡಗು ಹತ್ತಿಸಿದ ಅಣ್ಣನೊಬ್ಬನಿದ್ದನು. ಅವನಿಗೆ ಹಣದಲ್ಲಿ ಸಲ್ಲದೆ ಉಳಿದ ಋಣವು ಈ ರೀತಿ ಸಂದಿತೆಂದು ಭಾವಿಸಿದರೆ ತಪ್ಪಾಗಲಾರದು.