ವಿಲಿಯಂ ವಿದರಿಂಗ್

ಹದಿನೆಂಟನೆಯ ಶತಮಾನದಲ್ಲಿ, ಕಾಲುಗಳು ಬಾತು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಡಲಾರದೆ ಬಳಲುವ ರೋಗಿಗೆ ವೈದ್ಯರಲ್ಲಿ ನಂಬತಕ್ಕ ಔಷಧವಿರಲಿಲ್ಲ. ಇಂತಹ ಬಾವಿಗೆ ಅನೇಕ ವೇಳೆ ಹೃದಯದ ದೌರ್ಬಲ್ಯವೇ ಕಾರಣವೆಂಬುದೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಈ ರೋಗಕ್ಕೆ ವಿಷದ ಗಿಡವೊಂದರಿಂದಲೇ ಮದ್ದನ್ನು ಒದಗಿಸಿದವನು ವಿಲಿಯಂ ವಿದರಿಂಗ್.

ವಿದರಿಂಗನು 1741ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದ ವೆಲಿಂಗ್ಟನ್ ಎಂಬ ಊರಿನಲ್ಲಿ ಜನಿಸಿದನು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡಿ 1766ರಲ್ಲಿ ವೈದ್ಯಪದವಿಯನ್ನು ಪಡೆದನು. ವಿದ್ಯಾರ್ಥಿದೆಸೆಯಲ್ಲಿ ಅವನಿಗೆ ಸಸ್ಯಶಾಸ್ತ್ರವೆಂದರೆ ಬೇಸರ. ಸ್ಟಾಫರ್ಡ್ ಪಟ್ಟಣದಲ್ಲಿ ವೈದ್ಯನಾಗಿದ್ದಾಗ, ಹೂಗಳ ಚಿತ್ರ ಬರೆಯುತ್ತಿದ್ದ ಹೆಲೆನಾ ಕುಕ್ಸ್ ಎಂಬಾಕೆಯ ಪರಿಚಯವಾಯಿತು. ಆಕೆಗಾಗಿ ಗಿಡಗಳನ್ನು ಅರಸಿ ತರುತ್ತ ತರುತ್ತ ಅವನಿಗೆ ಸಸ್ಯಗಳಲ್ಲಿ ಒಲವು ಮೂಡಿತು. ಮುಂದೆ ಆಕೆಯೇ ಅವನ ಮಡದಿಯಾದಳು. 1776ರಲ್ಲಿ ಅವನು ಬ್ರಿಟನ್ನಿನ ಸಸ್ಯಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು.

1775ರಲ್ಲಿ ಮನೆಮದ್ದೊಂದು ಅವನ ಪರಿಶೀಲನೆಗೆ ಬಂದಿತು. ಷ್ರಾಪ್‌ಷೈರಿನ ಮುದುಕಿಯೊಬ್ಬಳು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದಳು. ವೈದ್ಯರು ಕೈಬಿಟ್ಟಿದ್ದ ಬಾವಿನ ರೋಗಿಗಳು ಕೆಲವರು ಅದರಿಂದ ಗುಣಹೊಂದಿದ್ದರು. ಅದರಲ್ಲಿ ಸುಮಾರು ಇಪ್ಪತ್ತು ಬಗೆಯ ಮೂಲಿಕೆಗಳಿದ್ದವು. ಅವುಗಳಲ್ಲಿ ಗುಣಕಾರಿಯಾದುದು ಬೆರಳಿನ ಗವಸಿನಂತಹ ನೇರಳೆ ಹೂ ಬಿಡುವ ಫಾಕ್ಸ್‌ಗ್ಲವ್ ಗಿಡವೊಂದೇ ಎಂಬುದನ್ನು ಸಸ್ಯಗಳನ್ನು ಬಲ್ಲ ವಿದರಿಂಗನು ಒಡನೆಯೇ ಗುರುತಿಸಿದನು.

ಆದರೆ ಆ ಗಿಡ ವಿಷಯುಕ್ತವಾದುದು. ಅಳತೆ ಮೀರಿದರೆ ವಾಂತಿಯಾಗುತ್ತದೆ, ನಾಡಿ ಕುಗ್ಗುತ್ತದೆ, ವಸ್ತುಗಳು ಹಸಿರಾಗಿ, ಹಳದಿಯಾಗಿ ತೋರುತ್ತವೆ, ಪ್ರಾಣವೂ ಹೋಗಬಹುದು. ಹಣ ಪಡೆಯದೆ ಚಿಕಿತ್ಸೆಮಾಡುತ್ತಿದ್ದ ಬಡರೋಗಿಗಳಿಗೆ ಮೊದಮೊದಲು ಅವನು ಕೊಟ್ಟ ಪ್ರಮಾಣವೇ ಅತಿಯಾಗಿದ್ದಿತು. ಈ ತಪ್ಪನ್ನು ಅವನು ಮರೆಮಾಚಲಿಲ್ಲ. ಗಿಡ ಹೂ ಬಿಡುವ ಕಾಲದಲ್ಲಿ ಎಲೆಗಳನ್ನು ಕಿತ್ತು, ಒಣಗಿಸಿ, ಪುಡಿಮಾಡಿ, ಅತ್ಯಲ್ಪ ಪ್ರಮಾಣದಲ್ಲಿ ಕೊಡುವುದನ್ನು ರೂಢಿಸಿದನು. ವಿಷದ ಲಕ್ಷಣ ಕಂಡೊಡನೆ ಮದ್ದನ್ನು ನಿಲ್ಲಿಸಬೇಕೆಂದು ವಿಧಿಸಿದನು. ಹತ್ತು ವರ್ಷಗಳ ಅನುಭವವನ್ನು 1785ರಲ್ಲಿ ಗ್ರಂಥರೂಪಕ್ಕೆ ತಂದನು. ಗುಣಹೊಂದಿದವರ ವಿವರಗಳೊಡನೆ, ಗುಣಹೊಂದದವರ ಮತ್ತು ಮಡಿದವರ ವಿವರಗಳೂ ಅದರಲ್ಲಿವೆ.

ಈ ಮದ್ದು ಮೂತ್ರವನ್ನು ಹೆಚ್ಚಿಸಿ ಬಾವನ್ನು ಇಳಿಸುತ್ತದೆಂದು ತಿಳಿದಿದ್ದರೂ, ಹೃದಯದ ಬಡಿತದ ಮೇಲೆ ಅದಕ್ಕಿರುವ ಹಿಡಿತವನ್ನೂ ಅವನು ಗಮನಿಸಿದ್ದನು. 1930ರಲ್ಲಿ ಅದೇ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧ ಔಷಧ ದೊರೆಯಿತು. ಕೆಲವು ಬಗೆಯ ಹೃದ್ರೋಗಿಗಳಿಗೆ ವೈದ್ಯರು ಇಂದಿಗೂ ಅದನ್ನು ಬಹು ಎಚ್ಚರಿಕೆಯಿಂದ ಕೊಡುತ್ತಾರೆ.

ಅನ್ಯರ ಉಸಿರನ್ನು ಹಗುರಗೊಳಿಸಿದ ವಿದರಿಂಗನು ತಾನು ಕ್ಷಯದಿಂದ ನರಳಿ 1799ರಲ್ಲಿ ತೀರಿಕೊಂಡನು. ಬರ್ಮಿಂಗ್‌ಹ್ಯಾಮಿನ ಎಡ್ಜ್‌ಬಾಸ್ಟನ್ ಇಗರ್ಜಿಯಲ್ಲಿರುವ ಅವನ ಸ್ಮಾರಕದಲ್ಲಿ ಫಾಕ್ಸ್‌ಗ್ಲವ್ ಗಿಡವನ್ನು ಕೆತ್ತಲಾಗಿದೆ. ವಿಷಕ್ಕೂ ಮದ್ದಿಗೂ ನಡುವಣ ಎಲ್ಲೆಯನ್ನು ತಾಳ್ಮೆಯಿಂದ ಅಳೆದು, ತನ್ನ ಸೋಲುಗಳನ್ನೂ ಲೋಕದ ಮುಂದಿಟ್ಟ ಆ ಸತ್ಯನಿಷ್ಠೆಯೇ ಅವನ ನಿಜವಾದ ಸ್ಮಾರಕ.