ಮಕ್ಕಳ ಕೈ ಬಿಡದ ಮುದಿ ಡಾಕ್ಟರು



1942ರ ಜುಲೈ 18 ನಮಗೆ ಪರಿಚಯದ ದಿನಾಂಕ. ಬಾಬಾಸಾಹೇಬರು ಮಾತಾಡಿದ ನಾಗಪುರದ ಅಖಿಲ ಭಾರತ ದಲಿತ ವರ್ಗಗಳ ಸಮ್ಮೇಳನ ಶುರುವಾದದ್ದು ಅಂದು. ಅದೇ ದಿನ ದೂರದ ಪೋಲೆಂಡಿನ ವಾರ್ಸಾ ನಗರದಲ್ಲಿ, ಹಿಟ್ಲರನ ಸೈನ್ಯ ಗೋಡೆ ಕಟ್ಟಿ ಮುಚ್ಚಿದ್ದ ಯಹೂದಿ ಕೇರಿಯೊಳಗೆ, ಅನಾಥ ಮಕ್ಕಳು ನಮ್ಮ ಟಾಗೋರರ ‘ಡಾಕ್ ಘರ್’ ನಾಟಕ ಆಡಿದರು. ಆ ನಾಟಕವನ್ನು ಆರಿಸಿದವರು ಅನಾಥಾಲಯ ನಡೆಸುತ್ತಿದ್ದ ಯಾನುಷ್ ಕೋರ್ಚಾಕ್.

ಅವರು ಮಕ್ಕಳ ಡಾಕ್ಟರು. ಪುಟ್ಟ ಹುಡುಗನೊಬ್ಬ ರಾಜನಾಗುವ ಅವರ ಕಥೆಯನ್ನು ಪೋಲೆಂಡಿನ ಮಕ್ಕಳೆಲ್ಲ ಓದಿದ್ದರು, ರೇಡಿಯೋದಲ್ಲಿ ‘ಮುದಿ ಡಾಕ್ಟರ’ ಮಾತಿಗೆ ಕಿವಿಗೊಟ್ಟಿದ್ದರು. ಅನಾಥಾಲಯದಲ್ಲಿ ಮಕ್ಕಳದೇ ಒಂದು ನ್ಯಾಯಾಲಯವಿತ್ತು. ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು. ಡಾಕ್ಟರೇ ಹಲವು ಸಲ ಆರೋಪಿಯಾಗಿ ನಿಂತಿದ್ದಾರೆ. (ನನ್ನ ಏಳನೇ ತರಗತಿಯಲ್ಲಿ ಅಂಥದ್ದೊಂದು ನ್ಯಾಯಾಲಯ ಕೂತರೆ ನಾನು ವಾರಕ್ಕೆರಡು ಸಲ ಹಾಜರಾಗಬೇಕಾದೀತು.)

1939ರಲ್ಲಿ ಯುದ್ಧ ಬಂತು. ಮರುವರ್ಷ ಅನಾಥಾಲಯವನ್ನು ಗೋಡೆಯೊಳಗೆ ದೂಡಿದರು. ಮೂರೂವರೆ ಚದರ ಕಿಲೋಮೀಟರಿಗಿಂತ ಕಡಿಮೆ ಜಾಗ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಊರಾಚೆಯ ಕೇರಿ, ಕೊಪ್ಪಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಹೂದಿಗಳು ತೋಳಿಗೆ ನಕ್ಷತ್ರದ ಪಟ್ಟಿ ಕಟ್ಟಬೇಕಿತ್ತು. ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯರು ಕಟ್ಟಬೇಕಿದ್ದ ಕಪ್ಪು ದಾರದ ಬಗ್ಗೆ ಬಾಬಾಸಾಹೇಬರು ಬರೆದದ್ದು ನೆನಪಾಗುತ್ತದೆ. ಕೋರ್ಚಾಕ್ ಆ ಪಟ್ಟಿ ಕಟ್ಟಲೇ ಇಲ್ಲ. ಮಕ್ಕಳಿಗೆಂದು ತಂದ ಒಂದು ಗಾಡಿ ಆಲೂಗಡ್ಡೆಯನ್ನು ಕಿತ್ತುಕೊಂಡಾಗ, ಪಟ್ಟಿಯಿಲ್ಲದೆಯೇ ಅಧಿಕಾರಿಗಳ ಬಳಿ ಕೇಳಲು ಹೋದರು. ಜೈಲಿಗೆ ಹಾಕಿದರು.

ಬಿಡುಗಡೆಯಾದ ಮೇಲೆ ದಿನವೂ ಚೀಲ ಹಿಡಿದು ಹೊರಟರು, ಮಕ್ಕಳ ಊಟಕ್ಕಾಗಿ ಬೇಡಲು. ಭಿಕ್ಖುವಿನ ಪಾತ್ರೆ ಕಣ್ಣಮುಂದೆ ಬರುತ್ತದೆ. ಆದರೆ ಇವರದು ಶಾಂತ ಮೂರ್ತಿಯೇನಲ್ಲ. ಕೊಡದ ಶ್ರೀಮಂತರನ್ನು ಬೈಯುತ್ತಿದ್ದರು, ಜಗಳ ಕಾಯುತ್ತಿದ್ದರು; ದಣಿದು, ಕಾಯಿಲೆಬಿದ್ದು, ರೇಗುತ್ತಿದ್ದರು.

‘ಡಾಕ್ ಘರ್’ನ ಹುಡುಗ ಅಮಲ್ ಕಾಯಿಲೆಯವನು. ಹೊರಗೆ ಹೋಗುವಂತಿಲ್ಲ. ಕಿಟಕಿಯಲ್ಲಿ ಕೂತು ಮೊಸರು ಮಾರುವವನನ್ನು ಮಾತಾಡಿಸುತ್ತಾನೆ, ರಾಜನ ಪತ್ರಕ್ಕೆ ಕಾಯುತ್ತಾನೆ, ಕೊನೆಗೆ ನಿದ್ದೆಹೋಗುತ್ತಾನೆ. ಮಕ್ಕಳು ಸಾವನ್ನು ಸಮಾಧಾನದಿಂದ ಎದುರುಗೊಳ್ಳಲು ಕಲಿಯಲಿ ಎಂದೇ ಅವರು ಈ ನಾಟಕ ಆರಿಸಿದರು ಎನ್ನುತ್ತಾರೆ.

ನಾಲ್ಕು ದಿನಕ್ಕೆ ಜನರನ್ನು ರೈಲಿಗೆ ತುಂಬುವುದು ಶುರುವಾಯಿತು. ಕೋರ್ಚಾಕರನ್ನು ಪಾರುಮಾಡಲು ಗೋಡೆಯಾಚೆಯ ಗೆಳೆಯರು ಸಿದ್ಧರಿದ್ದರು. ಅವರೊಬ್ಬರೇ ಬರಬೇಕು, ಮಕ್ಕಳಲ್ಲ. ಅವರು ಹೋಗಲಿಲ್ಲ. ಆಗಸ್ಟ್ ಮೊದಲ ವಾರದ ಒಂದು ಬೆಳಿಗ್ಗೆ, ಸುಮಾರು ಇನ್ನೂರು ಮಕ್ಕಳ ಜೊತೆ ನಿಲ್ದಾಣದವರೆಗೆ ನಡೆದರು. ಹಲವು ದಶಕಗಳಿಂದ ಜೊತೆ ದುಡಿದ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಕೂಡ ಬಂದರು. ಟ್ರೆಬ್ಲಿಂಕಾದಿಂದ ಯಾರೂ ಮರಳಲಿಲ್ಲ.

ಅವರ ದಿನಚರಿ ಮಾತ್ರ ಉಳಿಯಿತು. ಕೊನೆಯ ಪುಟದಲ್ಲಿ ಅವರು ಕಿಟಕಿಯ ಹೂಗಿಡಗಳಿಗೆ ನೀರು ಹಾಕುತ್ತಿದ್ದಾರೆ. ಕೆಳಗೆ ಬಂದೂಕು ಹಿಡಿದ ಜರ್ಮನ್ ಸಿಪಾಯಿ ನಿಂತು ನೋಡುತ್ತಿದ್ದಾನೆ. ತನ್ನ ಬೋಳುತಲೆ ಗುಂಡಿಗೆ ಒಳ್ಳೆಯ ಗುರಿ ಎಂದುಕೊಳ್ಳುತ್ತಾರೆ ಡಾಕ್ಟರು. ಆಮೇಲೆ ಅವನ ಬಗ್ಗೆಯೇ ಯೋಚಿಸುತ್ತಾರೆ: ಊರಲ್ಲಿ ಈತ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದನೋ ಏನೋ, ನಿನ್ನೆಯಷ್ಟೇ ಬಹುದೂರದಿಂದ ಬಂದವನೋ ಏನೋ, ತಾನೊಮ್ಮೆ ತಲೆಯಾಡಿಸಿ ಕೈಬೀಸಿದರೆ ಈತ ಏನು ಮಾಡಿಯಾನು ಎಂದು.