ಫ್ರಾಂಕ್ಲಿನ್ನನ ಪಥ್ಯವೂ ಅಪಥ್ಯವೂ

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೊರದೇಶಕ್ಕೆ ತೆರಳುವ ತರುಣರಿಗೆ ಮನೆಯ ಹಿರಿಯರು ಹೇಳುವ ಬುದ್ಧಿವಾದಗಳಲ್ಲಿ ಊಟದ ಮಾತು ತಪ್ಪುವುದಿಲ್ಲ. ಆ ಮಾತಿನ ಬೆಲೆಯನ್ನರಿಯಲಿಚ್ಛಿಸುವವರು ಅಮೆರಿಕದ ಸ್ವಾತಂತ್ರ್ಯಕ್ಕಾಗಿ ದುಡಿದ ಬೆಂಜಮಿನ್ ಫ್ರಾಂಕ್ಲಿನ್ನನ ಚರಿತ್ರೆಯನ್ನು ಅವಲೋಕಿಸಬೇಕು.

1706ರಲ್ಲಿ ಬಾಸ್ಟನ್ ನಗರದಲ್ಲಿ ಸಾಬೂನು, ಮೇಣದಬತ್ತಿಗಳನ್ನು ಮಾಡುವವನ ಮಗನಾಗಿ ಜನಿಸಿದ ಈತನು, ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದಾಗ, ಸುಮಾರು ಹದಿನಾರನೆಯ ವಯಸ್ಸಿನಲ್ಲಿ, ಟ್ರಯಾನ್ ಎಂಬವನ ಗ್ರಂಥವನ್ನೋದಿ ಮಾಂಸಾಹಾರವನ್ನು ಬಿಟ್ಟನು. ತನ್ನ ಊಟಕ್ಕೆ ಅಣ್ಣನು ವೆಚ್ಚಮಾಡುತ್ತಿದ್ದ ಹಣದಲ್ಲಿ ಅರ್ಧವನ್ನು ತಾನೇ ಪಡೆದು, ರೊಟ್ಟಿಯ ತುಂಡು, ಹಿಡಿ ಒಣದ್ರಾಕ್ಷಿ, ನೀರು ಇವುಗಳಿಂದ ತೃಪ್ತನಾಗಿ, ಅದರಲ್ಲಿಯೂ ಅರ್ಧವನ್ನುಳಿಸಿ ಪುಸ್ತಕಗಳನ್ನು ಕೊಂಡನು. ಈ ವ್ರತವು ಮುಂದೆ ಸಡಿಲಿತಾದರೂ ಮಿತವು ಉಳಿಯಿತು. 1724ರಲ್ಲಿ ಲಂಡನ್ನಿಗೆ ಹೋದಾಗ ಜೊತೆಯ ಕೆಲಸಗಾರರು ದಿನವೆಲ್ಲ ಬಿಯರ್ ಕುಡಿಯುತ್ತಿದ್ದರು. ಈತನು ನೀರನ್ನೇ ಕುಡಿದು, ಅವರು ಎರಡು ಕೈಗಳಿಂದ ಒಂದನ್ನೆತ್ತುತ್ತಿದ್ದ ಅಚ್ಚುಮೊಳೆಗಳ ಭಾರವಾದ ಚೌಕಟ್ಟನ್ನು ಕೈಗೊಂದರಂತೆ ಹೊತ್ತು ಮೆಟ್ಟಿಲೇರುತ್ತಿದ್ದನು. ತರುವಾಯ ತನಗೆಂದು ಬರೆದುಕೊಂಡ ಹದಿಮೂರು ಸದ್ಗುಣಗಳ ಪಟ್ಟಿಯಲ್ಲಿ ಮಿತಾಹಾರಕ್ಕೇ ಅಗ್ರಸ್ಥಾನವನ್ನಿತ್ತನು.

1776ರ ಡಿಸೆಂಬರಿನಲ್ಲಿ, ಎಪ್ಪತ್ತು ವರ್ಷದ ಮುದುಕನಾಗಿ, ಸ್ವದೇಶದ ಯುದ್ಧಕ್ಕೆ ನೆರವನ್ನು ಬೇಡುತ್ತ ಆತನು ಫ್ರಾನ್ಸಿಗೆ ಬಂದನು. ಪ್ಯಾರಿಸಿನ ಬಳಿಯ ಪಾಸ್ಸಿಯಲ್ಲಿ ಬಿಡಾರ ಹೂಡಿದ ಆತನಿಗೆ ವಾರದಲ್ಲಿ ಆರು ದಿನ ಪರರ ಮನೆಯ ಔತಣ. ಪಾಕಶಾಸ್ತ್ರದಲ್ಲಿ ಹೆಸರಾದ ಆ ನಾಡಿನ ಶ್ರೀಮಂತರ ಪಂಕ್ತಿಯನ್ನು ನಿರಾಕರಿಸುವುದು ರಾಯಭಾರಿಗೆ ಸಾಧ್ಯವಿರಲಿಲ್ಲ. ವಾಷಿಂಗ್ಟನ್ನನ ಸೈನ್ಯಕ್ಕೆ ಮದ್ದುಗುಂಡು, ಹಣಗಳು ಅವರ ಸ್ನೇಹದಿಂದಲೇ ಬರಬೇಕಾಗಿದ್ದವು. 1778ರ ಫೆಬ್ರವರಿಯಲ್ಲಿ ಫ್ರಾನ್ಸಿನೊಡನೆ ಮೈತ್ರಿಯ ಒಪ್ಪಂದವೂ ಆಯಿತು.

ಆದರೆ ದೇಹವು ತನ್ನ ಲೆಕ್ಕವನ್ನು ಮರೆಯಲಿಲ್ಲ. ಇಂಗ್ಲಿಷರು ಗೌಟ್ ಎಂದೂ ನಮ್ಮ ವೈದ್ಯರು ವಾತರಕ್ತವೆಂದೂ ಕರೆಯುವ ವ್ಯಾಧಿಯು 1780ರ ಶರತ್ಕಾಲದಲ್ಲಿ ಆತನನ್ನು ಹಾಸಿಗೆಗೆ ಕೆಡವಿತು. ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿ ಕೀಲುಗಳಲ್ಲಿ ಹರಳುಗಟ್ಟುವುದರಿಂದ ಹುಟ್ಟುವ ಈ ರೋಗಕ್ಕೆ ವಂಶವೂ ಮೂತ್ರಪಿಂಡಗಳೂ ಕಾರಣವಾಗುವುದುಂಟು. ಮಾಂಸಮದ್ಯಗಳು ಅದನ್ನು ಕೆರಳಿಸುತ್ತವೆ. ನೋವಿನ ನಡುವೆಯೂ ಆತನು ವಿನೋದವಾದ ಸಂವಾದವೊಂದನ್ನು ಬರೆದು, ವ್ಯಾಧಿಯನ್ನೇ ಫಿರ್ಯಾದಿಯಾಗಿ ನಿಲ್ಲಿಸಿದನು. ಅದು ಹೊರಿಸಿದ ಆರೋಪಗಳು ಇವು: ಕೆನೆ ಬೆರೆಸಿದ ನಾಲ್ಕು ಬಟ್ಟಲು ಚಹಾ, ಬೆಣ್ಣೆ ಸವರಿದ ರೊಟ್ಟಿ, ಒಣಗಿಸಿದ ಗೋಮಾಂಸಗಳ ಬೆಳಗಿನ ಉಪಾಹಾರ, ಆ ಮೇಲೆ ಮೇಜಿನ ಮುಂದೆ ಕುಳಿತ ಬರವಣಿಗೆ, ಊಟವಾದೊಡನೆ ಗಂಟೆಗಟ್ಟಲೆ ಚದುರಂಗ, ನಡೆಯಬಹುದಾದೆಡೆಗೂ ಗಾಡಿ. ಕೊನೆಗೆ ಅಪರಾಧಿಯು ತಿದ್ದಿಕೊಳ್ಳುವೆನೆಂದು ಮಾತುಕೊಡುತ್ತಾನೆ, ವ್ಯಾಧಿಯು ನಂಬುವುದಿಲ್ಲ.

1782ರಲ್ಲಿ ಮೂತ್ರಾಶಯದ ಕಲ್ಲಿನ ಬಾಧೆಯೂ ಸೇರಿತು. ಆದರೂ 1783ರಲ್ಲಿ ಸ್ವಾತಂತ್ರ್ಯವನ್ನು ಸ್ಥಿರಪಡಿಸಿದ ಸಂಧಿಪತ್ರಕ್ಕೆ ಸಹಿಮಾಡಿದನು. 1785ರಲ್ಲಿ ಸ್ವದೇಶಕ್ಕೆ ಹೊರಟಾಗ ಗಾಡಿಯ ಕುಲುಕಾಟವನ್ನು ತಾಳಲಾರದೆ, ಹೇಸರಗತ್ತೆಗಳು ಹೊರುವ ರಾಣಿಯ ಮೇನೆಯಲ್ಲಿ ರೇವಿನವರೆಗೆ ಪಯಣಿಸಬೇಕಾಯಿತು. ಎಂಬತ್ತೊಂದನೆಯ ವಯಸ್ಸಿನಲ್ಲಿ ರಾಜ್ಯಾಂಗಸಭೆಯಲ್ಲಿಯೂ ಕುಳಿತು, 1790ರಲ್ಲಿ ತೀರಿಕೊಂಡನು. ಆಯುಷ್ಯಕ್ಕೆ ಕೊರತೆಯಾಗಲಿಲ್ಲ, ಕಡೆಯ ಹತ್ತು ವರ್ಷಗಳ ಸುಖಕ್ಕೆ ಆಯಿತು.

ಔತಣಗಳಿಗೆ ಹೋದದ್ದು ಆತನ ತಪ್ಪಲ್ಲ; ದೇಶಕಾರ್ಯವೇ ಅದನ್ನು ಬೇಡುತ್ತಿತ್ತು. ಆದರೆ ಬೆಳಗಿನ ತಟ್ಟೆಯು ಆತನದೇ ಆಗಿತ್ತು, ನಡೆಯಲು ತೋಟಗಳಿದ್ದವು, ಚದುರಂಗಕ್ಕೆ ಯಾರ ಬಲವಂತವೂ ಇರಲಿಲ್ಲ. ಹದಿನಾರರ ಹುಡುಗನು ಹಿಡಿ ದ್ರಾಕ್ಷಿಯಿಂದ ಸಾಧಿಸಿದ್ದನ್ನು ಎಪ್ಪತ್ತರ ಪ್ರಾಜ್ಞನು ತನ್ನ ಮನೆಯೊಳಗೇ ಕೈಬಿಟ್ಟನು. ಪರದೇಶದಲ್ಲಿ ಆತಿಥ್ಯವನ್ನು ಸಂತೋಷದಿಂದ ಸ್ವೀಕರಿಸುವವರು, ತಮ್ಮ ಕೈಯಲ್ಲಿಯೇ ಇರುವ ಉಳಿದ ಹೊತ್ತುಗಳನ್ನಾದರೂ ಮಿತಕ್ಕೂ ನಡಿಗೆಗೂ ಮೀಸಲಿಡುವುದು ಲೇಸು.